ಆಲೂಗಡ್ಡೆ ಕಿತ್ತ ಹೊಲದಲ್ಲಿ ಸಾಸಿವೆ: ಬೀಜದ ಗಿಡ ಆರಿಸಿದ ನನ್ನ ಅನುಭವ

ರಾಗಿಯ ನಡುನಡುವೆ ಅಕ್ಕಡಿ ಸಾಲಿಗೆ ಹಾಕುವ ಸಾಸಿವೆಯನ್ನು ಇಡೀ ಹೊಲಕ್ಕೆ ಬಿತ್ತುತ್ತೇನೆ ಎಂದಾಗ ಊರಲ್ಲಿ ಯಾರೂ ಒಪ್ಪಲಿಲ್ಲ. "ಒಗ್ಗರಣೆಗಾದರೆ ಸಾಕು, ಅದರಲ್ಲಿ ದುಡ್ಡೆಲ್ಲಿ?" ಅಂದರು. ಹಾಸನದ ಕಡೆ ಆಲೂಗಡ್ಡೆ ಕಿತ್ತ ಮೇಲೆ ಅಕ್ಟೋಬರ್‌ನಲ್ಲಿ ನೆಲ ಖಾಲಿ, ಗೊಬ್ಬರದ ಸಾರ ಇನ್ನೂ ಇರುತ್ತದೆ. ಅಲ್ಲೇ ಶುರು ಮಾಡಿದೆ.

ಮೊದಲ ವರ್ಷ ಉತ್ತರ ಭಾರತದ ದಪ್ಪ ಕಾಳಿನ ತಳಿ ತರಿಸಿದೆ. ತಡವಾಗಿ ಹೂವಾಯಿತು, ಜನವರಿಯಲ್ಲಿ ಸಸ್ಯಹೇನು ಮುತ್ತಿತು. ಎಕರೆಗೆ ಒಂದೂವರೆ ಕ್ವಿಂಟಾಲೂ ದಕ್ಕಲಿಲ್ಲ. ಮರುವರ್ಷ ನಾಟಿ ಬೀಜಕ್ಕೇ ಮರಳಿ, ಎದೆಮಟ್ಟ ಬೆಳೆದ ಗಿಡಗಳನ್ನೇ ಬೀಜಕ್ಕೆ ಕಟ್ಟಿಟ್ಟೆ. ಅದನ್ನು ಬಿತ್ತಿದರೆ ಎತ್ತರವೂ ಇಲ್ಲ, ಕಾಯಿಯೂ ಇಲ್ಲ! ನಾನು ಕಟ್ಟಿಟ್ಟಿದ್ದೆಲ್ಲ ಬದುವಿನಂಚಿನ ಗಿಡ. ಜಾಗ, ಬಿಸಿಲು ಹೆಚ್ಚಿಗೆ ಸಿಕ್ಕಿ ಕೊಬ್ಬಿದ್ದನ್ನು ಬೀಜದ ಗುಣ ಅಂದುಕೊಂಡಿದ್ದೆ.

ಆಮೇಲೆ ಹಗ್ಗ ಎಳೆದು ಹೊಲವನ್ನು ಚೌಕ ಚೌಕ ಮಾಡಿದೆ. ಅಂಚು ಬಿಟ್ಟು, ಪ್ರತಿ ಚೌಕದಲ್ಲೂ ಅಕ್ಕಪಕ್ಕದವಕ್ಕಿಂತ ಮೇಲಾದ ಒಂದೆರಡು ಗಿಡ ಮಾತ್ರ ಆರಿಸಿದೆ. ಎತ್ತರ ನೋಡಲೇ ಇಲ್ಲ. ಕವಲು, ಮರಿಗವಲು, ಕಾಯಿ ಎಣಿಸಿದೆ. ಒಂದರಲ್ಲಿ 120 ಕಾಯಿ, ಮಾರುದೂರದ ಇನ್ನೊಂದರಲ್ಲಿ 300 ದಾಟಿತ್ತು. ಅಂಗೈಯಲ್ಲಿ ಕಾಯಿ ಬಿಡಿಸಿದರೆ ಎರಡರಲ್ಲೂ ಹನ್ನೆರಡು ಹದಿಮೂರು ಕಾಳೇ. ಇಳುವರಿ ಇರುವುದು ಕವಲಲ್ಲಿ ಎಂದು ಅವತ್ತು ಕಣ್ಣಾರೆ ಕಂಡೆ. ಬೀಜವನ್ನು ಗಿಡಕ್ಕೊಂದು ಪೊಟ್ಟಣ ಕಟ್ಟಿ, ಪೊಟ್ಟಣಕ್ಕೊಂದು ಸಾಲು ಬಿತ್ತಿದೆ. ಸುಮಾರು 40 ಸಾಲಲ್ಲಿ ಉಳಿಸಿಕೊಂಡಿದ್ದು ಆರು.

ನಡುವೆ ಸಾಸಿವೆಯ ಹತ್ತಿರದ ನೆಂಟ, ಎಣ್ಣೆಕಾಳಿನ ಬೆಳೆ ತೋರಿಯಾವನ್ನೂ ಬೆಳೆದು ನೋಡಿದೆ. ಹೂಗೊಂಚಲಿಗೆ ಮಲ್ಲು ಬಟ್ಟೆಯ ಚೀಲ ಕಟ್ಟಿದರೆ ಸಾಸಿವೆಯ ಕಾಯಿ ತುಂಬಿತು, ತೋರಿಯಾದ್ದು ಬರೀ ಸಿಪ್ಪೆ. ಅದಕ್ಕೆ ತನ್ನದೇ ಪರಾಗ ಕೂಡುವುದಿಲ್ಲ, ಜೇನು ಬೇಕೇ ಬೇಕು. ಒಂದೊಂದೇ ಗಿಡ ಆರಿಸುವ ನನ್ನ ದಾರಿಗೆ ಅದು ಒಗ್ಗಲಿಲ್ಲ, ಬಿಟ್ಟೆ. ಸಾಸಿವೆಯಲ್ಲೂ ಅಲ್ಪಸ್ವಲ್ಪ ಬೆರಕೆ ಆಗುತ್ತದೆ, ಬೀಜದ ಗಿಡಕ್ಕೆ ಚೀಲ ತಪ್ಪಿಸಬೇಡಿ. ಗಂಧಕಕ್ಕೆಂದು ಜಿಪ್ಸಂ ಕೊಡುವುದನ್ನೂ ಮರೆಯಬೇಡಿ.

ಹೋದ ಸಲ ಎಕರೆಗೆ ನಾಲ್ಕು ಕ್ವಿಂಟಾಲಿಗೆ ಕೊಂಚ ಕಡಿಮೆ ಬಂತು. ಖರ್ಚು ಒಂಬತ್ತು ಸಾವಿರ. ಕೆಜಿಗೆ 80ರ ಆಸುಪಾಸಿನಲ್ಲಿ ಮಾರಿ ಇಪ್ಪತ್ತು ಸಾವಿರದ ಮೇಲೆ ಉಳಿಯಿತು. ಈ ಸುತ್ತಿನಲ್ಲಿ ಇಷ್ಟು ತೆಗೆದವರನ್ನು ನಾನಂತೂ ಕಂಡಿಲ್ಲ. ಬೀಜಕ್ಕೆ ಏನು ಬೆರೆಸಿ ಕೂರಿಗೆಗೆ ಹಾಕುತ್ತೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ದುಡ್ಡೆಲ್ಲಿ ಅಂದವರೇ ಯುಗಾದಿಗೆ ಮೊದಲೇ ಬಂದು ಬೀಜ ಕೇಳಿದರು. ಅರ್ಧರ್ಧ ಸೇರು ನಾಲ್ಕು ಮನೆಗೆ ಕೊಟ್ಟೆ. ಆರು ಸಾಲಿನಲ್ಲಿ ಎರಡರ ಬೀಜ ಮಾತ್ರ ಇನ್ನೂ ಹೊರಗೆ ಹೋಗಿಲ್ಲ.