ವಾರಕ್ಕೆ 20 ಗಂಟೆ: ಟಿಎ, ಆರ್‌ಎ ಕೆಲಸದ ಜೊತೆ ಓದಲು ಅಮೆರಿಕಕ್ಕೆ ಬರುವವರಿಗೆ

ಅಡ್ಮಿಷನ್ ಜೊತೆಗೆ ಅಸಿಸ್ಟೆಂಟ್‌ಶಿಪ್, ಅಂದರೆ ಪಾಠಕ್ಕೆ ನೆರವಾಗುವ ಟಿಎ (ಟೀಚಿಂಗ್ ಅಸಿಸ್ಟೆಂಟ್) ಅಥವಾ ಸಂಶೋಧನೆಗೆ ನೆರವಾಗುವ ಆರ್‌ಎ (ರಿಸರ್ಚ್ ಅಸಿಸ್ಟೆಂಟ್) ಕೆಲಸ ಕೂಡ ಸಿಕ್ಕಿದೆಯಾ? ಹಾಗಾದರೆ ಮೊದಲು ಅಭಿನಂದನೆ. ಟ್ಯೂಷನ್ ಮಾಫಿ, ಕೈಗೆ ಸ್ಟೈಪೆಂಡ್, ಎಷ್ಟೋ ಕಡೆ ಹೆಲ್ತ್ ಇನ್ಶೂರೆನ್ಸ್ ಕೂಡ. ದೊಡ್ಡ ಸಾಲ ಹೊತ್ತುಕೊಳ್ಳದೆ ಇಲ್ಲಿ ಓದುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಆದರೆ ಇದರಲ್ಲಿ ಓದು ಒಂದು ಜವಾಬ್ದಾರಿ, ನೌಕರಿ ಇನ್ನೊಂದು. ಎರಡೂ ಒಂದೇ ಕಟ್ಟಡದಲ್ಲಿ, ಒಂದೇ ಜನರ ಜೊತೆ ನಡೆಯುವುದರಿಂದ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಅನ್ನುವುದೇ ತಿಳಿಯುವುದಿಲ್ಲ.

ಪ್ರತಿ ಆಗಸ್ಟ್‌ನಲ್ಲಿ ಬರುವ ನಮ್ಮ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇಷ್ಟು: ಓದು ಕೆಟ್ಟರೆ ಕೆಲಸವೂ ಹೋಗುತ್ತದೆ. ಬಹಳಷ್ಟು ಯೂನಿವರ್ಸಿಟಿಗಳಲ್ಲಿ ಜಿಪಿಎ (ಸರಾಸರಿ ಗ್ರೇಡ್) 3.0ಕ್ಕಿಂತ ಕೆಳಗಿಳಿದರೆ ಪ್ರೊಬೇಷನ್ ಅನ್ನುವ ಎಚ್ಚರಿಕೆಯ ಅವಧಿ, ಅದರ ಹಿಂದೆಯೇ ಅಸಿಸ್ಟೆಂಟ್‌ಶಿಪ್‌ಗೂ ಕುತ್ತು. ಎಫ್-1 ಅನ್ನುವ ವಿದ್ಯಾರ್ಥಿ ವೀಸಾ ನಿಂತಿರುವುದೂ ಓದಿನ ಮೇಲೆ. ಆದರೆ ದಿನನಿತ್ಯ ಆಗುವುದು ಇದಕ್ಕೆ ಉಲ್ಟಾ. ಮಾರ್ಕ್ಸ್‌ಗಾಗಿ ಕಾಯುವ ವಿದ್ಯಾರ್ಥಿಗಳು ಇಮೇಲ್ ಮೇಲೆ ಇಮೇಲ್ ಕಳಿಸುತ್ತಾರೆ. ಪ್ರೊಫೆಸರ್ ನೆನಪಿಸುತ್ತಾರೆ. ನಿಮ್ಮ ಹೋಮ್‌ವರ್ಕ್ ಮಾತ್ರ ಯಾರನ್ನೂ ಕೂಗುವುದಿಲ್ಲ, ಸುಮ್ಮನೆ ಬಿದ್ದಿರುತ್ತದೆ. ಹಾಗಾಗಿ ಮೊದಲ ಸೆಮಿಸ್ಟರ್‌ನಲ್ಲಿ ಬಲಿಯಾಗುವುದು ಅದೇ.

ಆಫರ್ ಪತ್ರ ಬಿಡಿಸಿ ಓದಿ

ಪತ್ರದಲ್ಲಿ 0.50 ಎಫ್‌ಟಿಇ (ಪೂರ್ಣಾವಧಿ ಕೆಲಸದ ಎಷ್ಟು ಭಾಗ ಅನ್ನುವ ಲೆಕ್ಕ) ಅಂತ ಇದ್ದರೆ ವಾರಕ್ಕೆ 20 ಗಂಟೆ ಕೆಲಸ. 0.25 ಇದ್ದರೆ 10 ಗಂಟೆ. ಟ್ಯೂಷನ್ ಮಾಫಿ ಅಂದರೆ ಎಲ್ಲವೂ ಮಾಫಿ ಅಂತ ಅಲ್ಲ. 'ಫೀಸ್' ಅಂತ ಬೇರೆಯೇ ಒಂದು ಬಿಲ್ ಬರುವುದುಂಟು. ಅದು ಕೆಲವೊಮ್ಮೆ ಒಂದು ತಿಂಗಳ ಸ್ಟೈಪೆಂಡ್‌ನಷ್ಟೇ ಇರುತ್ತದೆ, ಕೇಳಿಕೊಳ್ಳಿ. ಸ್ಟೈಪೆಂಡ್ 9 ತಿಂಗಳಿಗೋ 12ಕ್ಕೋ ನೋಡಿ. ಪಿಎಚ್‌ಡಿಯವರಿಗೆ ಎಷ್ಟು ವರ್ಷದ ಭರವಸೆ ಅಂತ ಬರೆದಿರುತ್ತಾರೆ. ಎಂಎಸ್‌ನವರಿಗೆ ಹೆಚ್ಚಾಗಿ ಒಂದೊಂದೇ ಸೆಮಿಸ್ಟರ್. ಆಗ ಮುಂದಿನ ಸೆಮಿಸ್ಟರ್‌ಗೆ ಇರುತ್ತದೋ ಇಲ್ಲವೋ ಅನ್ನುವುದು ಯಾರ ಕೈಯಲ್ಲಿದೆ, ಯಾವಾಗ ಹೇಳುತ್ತಾರೆ ಅಂತ ಬರುವ ಮೊದಲೇ ಇಮೇಲ್ ಹಾಕಿ ಕೇಳಿ. ಕೇಳುವುದರಿಂದ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೂ ಒಪ್ಪಿಗೆ ಕೊಡದವರಿಗೆ ಒಂದು ಮಾತು. ಯೂನಿವರ್ಸಿಟಿಗಳ ಸಂಘಟನೆಯಾದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ 'ಏಪ್ರಿಲ್ 15 ನಿರ್ಣಯ'ಕ್ಕೆ ಸಹಿ ಹಾಕಿರುವ ಯೂನಿವರ್ಸಿಟಿಗಳು ಇಂಥ ಆಫರ್‌ಗೆ ಉತ್ತರ ಕೊಡಲು ಏಪ್ರಿಲ್ 15ರವರೆಗೆ ಸಮಯ ಕೊಡಬೇಕು. ನಾಳೆಯೇ ಹೇಳಿ ಅಂತ ಅವಸರ ಮಾಡಿದರೆ ಇದು ನೆನಪಿರಲಿ.

ಮೊದಲ ಸಂಬಳ ತಡವಾಗುತ್ತದೆ. ಆಗಸ್ಟ್ ಕೊನೆಯಲ್ಲಿ ಕೆಲಸ ಶುರುವಾದರೆ ದುಡ್ಡು ಬ್ಯಾಂಕಿಗೆ ಬೀಳುವಾಗ ಸೆಪ್ಟೆಂಬರ್ ಅರ್ಧ ಆಗಬಹುದು, ಕೊನೆಯೂ ಆಗಬಹುದು. ಬಾಡಿಗೆ, ಡೆಪಾಸಿಟ್, ಊಟ ಸೇರಿ ಎರಡು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಬನ್ನಿ.

ಆ 20 ಗಂಟೆಯ ಲೆಕ್ಕ

ಎಫ್-1 ವಿದ್ಯಾರ್ಥಿ ತರಗತಿ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಕೆಲಸ ಮಾಡುವ ಹಾಗಿಲ್ಲ. ಇದು ಫೆಡರಲ್ ನಿಯಮ. ಟಿಎ ಕೆಲಸ 20 ಗಂಟೆ ಇದ್ದು, ಜೊತೆಗೆ ಲೈಬ್ರರಿಯಲ್ಲೋ ಡೈನಿಂಗ್ ಹಾಲ್‌ನಲ್ಲೋ 5 ಗಂಟೆ ಸೇರಿಸಿಕೊಂಡರೆ 25 ಆಯಿತು. ಕ್ಯಾಂಪಸ್ಸಿನ ಎಲ್ಲ ಕೆಲಸಗಳನ್ನೂ ಕೂಡಿಸಿಯೇ ಲೆಕ್ಕ. ಒಂದು ವಾರ 26, ಮುಂದಿನ ವಾರ 14, ಸರಾಸರಿ 20 ಅಲ್ವಾ ಅಂದರೆ ನಡೆಯುವುದಿಲ್ಲ. ಬೇಸಿಗೆ ರಜೆ, ಚಳಿಗಾಲದ ರಜೆಯಲ್ಲಿ ಮಾತ್ರ ಪೂರ್ತಿ ಕೆಲಸ ಮಾಡಬಹುದು. ಹೊರಗಿನ ಅಂಗಡಿ, ಹೋಟೆಲ್‌ನಲ್ಲಿ ಕ್ಯಾಶ್ ಕೊಡುತ್ತೇವೆ ಬಾ ಅಂತ ಯಾರಾದರೂ ಕರೆದರೆ ದಯವಿಟ್ಟು ಹೋಗಬೇಡಿ. ನಮ್ಮವರೇ ಕರೆದರೂ ಬೇಡ. ಪರ್ಮಿಷನ್ ಇಲ್ಲದೆ ಹೊರಗೆ ದುಡಿದರೆ ವೀಸಾ ಸ್ಟೇಟಸ್ಸೇ ಹೋಗುತ್ತದೆ. ನಾಲ್ಕು ಡಾಲರ್ ಆಸೆಗೆ ಅಷ್ಟು ದೊಡ್ಡ ಅಪಾಯ ಯಾಕೆ?

ಈ ನಿಯಮವನ್ನು ಹುಡುಗರು ಕಟ್ಟಿಹಾಕುವ ಹಗ್ಗದ ಹಾಗೆ ನೋಡುತ್ತಾರೆ. ನಾನು ನೋಡುವುದು ಬೇಲಿಯ ಹಾಗೆ. ನಿಮ್ಮ ಓದನ್ನು ಕಾಯುವುದು ಅದೇ. ಕೆಲಸ 20 ದಾಟುತ್ತಿದೆ ಅಂತ ಪ್ರೊಫೆಸರ್ ಹತ್ತಿರ ಹೋಗಿ ಹೇಳುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ. ಅದಕ್ಕೆ ಮೊದಲ ವಾರದಿಂದಲೇ ಗಂಟೆಗಳನ್ನು ಬರೆದಿಡಿ. ತರಗತಿಗೆ ಹೋಗಿ ಕೂತದ್ದು, ತಯಾರಿ, ಆಫೀಸ್ ಅವರ್ಸ್, ಗ್ರೇಡಿಂಗ್, ಇಮೇಲ್, ಮೀಟಿಂಗ್, ಎಲ್ಲವೂ. ಫೋನಿನಲ್ಲಿ ಒಂದು ಶೀಟ್ ಇದ್ದರೆ ಸಾಕು.

ಬಾಯಿ ಬಿಟ್ಟು ಹೇಳುವುದು

ನಮ್ಮವರಿಗೆ ಇಲ್ಲಿ ಅತ್ಯಂತ ಕಷ್ಟ ಆಗುವುದು ಇಂಗ್ಲಿಷ್ ಅಲ್ಲ, ಚಳಿಯೂ ಅಲ್ಲ. ಮೇಷ್ಟ್ರ ಎದುರು ನಿಂತು 'ಇದು ಆಗುತ್ತಿಲ್ಲ' ಅನ್ನುವುದು. ಗುರುಗಳು ಹೇಳಿದ್ದನ್ನು ಮರುಮಾತಿಲ್ಲದೆ ಮಾಡಬೇಕು ಅಂತ ಬೆಳೆದಿದ್ದೇವೆ. ಆ ಗೌರವ ಒಳ್ಳೆಯದೇ, ಇಟ್ಟುಕೊಳ್ಳಿ. ಆದರೆ ಇಲ್ಲಿಯ ಪ್ರೊಫೆಸರ್‌ಗೆ ನಿಮ್ಮ ಮೌನ ಅರ್ಥ ಆಗುವುದಿಲ್ಲ. ನೀವು ಏನೂ ಹೇಳದಿದ್ದರೆ ಎಲ್ಲ ಸರಿಯಾಗಿದೆ ಅಂತಲೇ ತಿಳಿದುಕೊಳ್ಳುತ್ತಾರೆ. ಬಳಲಿದ ಮುಖ ನೋಡಿ ತಾವಾಗಿಯೇ ಕೇಳಲಿ ಅಂತ ಕಾಯುತ್ತಾ ಕೂತವರನ್ನು ಬಹಳ ನೋಡಿದ್ದೇನೆ. ಅಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ.

ದೂರಿನ ಹಾಗೆ ಹೇಳಬೇಡಿ, ಲೆಕ್ಕ ಹೇಳಿ. 'ಒಂದು ಉತ್ತರಪತ್ರಿಕೆಗೆ 15 ನಿಮಿಷ ಹಿಡಿಯುತ್ತಿದೆ. 80 ಪತ್ರಿಕೆ ಇವೆ. ಅಲ್ಲಿಗೇ 20 ಗಂಟೆ ಆಯಿತು. ಇದರ ಮೇಲೆ ಲ್ಯಾಬ್ 4, ಆಫೀಸ್ ಅವರ್ಸ್ 3, ಒಟ್ಟು 27. ಯಾವುದಕ್ಕೆ ಮೊದಲ ಗಮನ ಕೊಡಲಿ, ಯಾವುದನ್ನು ಕಡಿಮೆ ಮಾಡೋಣ?' ಹೀಗೆ ಕೇಳಿದರೆ ಯಾವ ಪ್ರೊಫೆಸರ್‌ಗೂ ಉತ್ತರ ಕೊಡುವುದು ಸುಲಭ. ಎಲ್ಲ ಪ್ರಶ್ನೆಯ ಬದಲು ಎರಡನ್ನು ಮಾತ್ರ ಪೂರ್ತಿ ತಿದ್ದು ಅನ್ನಬಹುದು. ಇನ್ನೊಬ್ಬ ಗ್ರೇಡರ್ ಕೊಡಿಸಬಹುದು. ಮಾರ್ಕ್ಸ್ ಒಂದು ವಾರ ತಡವಾದರೂ ಪರವಾಗಿಲ್ಲ ಅನ್ನಬಹುದು. ಇದನ್ನು ಮೂರನೇ ವಾರದಲ್ಲಿ ಹೇಳಿ, ಹನ್ನೆರಡನೇ ವಾರದಲ್ಲಲ್ಲ.

ಪ್ರೊಫೆಸರ್ ಕೇಳದೇ ಹೋದರೆ ಡಿಪಾರ್ಟ್‌ಮೆಂಟಿನಲ್ಲಿ ಗ್ರಾಜುಯೇಟ್ ಡೈರೆಕ್ಟರ್ ಇರುತ್ತಾರೆ. ಬಹಳ ಕ್ಯಾಂಪಸ್‌ಗಳಲ್ಲಿ ದೂರು ಕೇಳಿ ದಾರಿ ತೋರಿಸುವ ಆಂಬಡ್ಸ್ ಆಫೀಸ್ ಇದೆ, ಅಲ್ಲಿ ಹೇಳಿದ್ದನ್ನು ಗುಟ್ಟಾಗಿಡುತ್ತಾರೆ. ಕೆಲವು ಕಡೆ ಅಸಿಸ್ಟೆಂಟ್‌ಗಳ ಯೂನಿಯನ್ನೂ ಇದೆ. 2022ರಲ್ಲಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 48,000 ಮಂದಿ ಮುಷ್ಕರ ಹೂಡಿದ್ದು ಇಂಥ ಯೂನಿಯನ್ ಮೂಲಕವೇ. ಯೂನಿಯನ್ ಇರುವ ಕಡೆ ಒಪ್ಪಂದದಲ್ಲಿ ಗಂಟೆಗಳ ಮಿತಿ, ದೂರು ಕೊಡುವ ಕ್ರಮ ಎಲ್ಲ ಬರೆದಿರುತ್ತದೆ. ಎಫ್-1ನವರೂ ಸೇರಬಹುದು, ವೀಸಾಕ್ಕೆ ಅದರಿಂದ ತೊಂದರೆ ಇಲ್ಲ.

ಟಿಎ ಕೆಲಸ, ಆರ್‌ಎ ಕೆಲಸ

ಟಿಎ ಕೆಲಸ ಅಲೆಯಲೆಯಾಗಿ ಬರುತ್ತದೆ. ಮಿಡ್‌ಟರ್ಮ್, ಫೈನಲ್ ವಾರಗಳಲ್ಲಿ ಗ್ರೇಡಿಂಗ್ ರಾಶಿ ಬೀಳುತ್ತದೆ, ಅದೇ ವಾರ ನಿಮ್ಮ ಪರೀಕ್ಷೆಯೂ ಇರುತ್ತದೆ. ಸೆಮಿಸ್ಟರ್ ಶುರುವಾದ ದಿನವೇ ನೀವು ಓದುವ ಕೋರ್ಸ್‌ಗಳ ಸಿಲಬಸ್ ಮತ್ತು ಕಲಿಸುವ ಕೋರ್ಸ್‌ನ ಸಿಲಬಸ್ ಪಕ್ಕ ಪಕ್ಕ ಇಟ್ಟು ಎಲ್ಲ ತಾರೀಕುಗಳನ್ನು ಒಂದೇ ಕ್ಯಾಲೆಂಡರ್‌ಗೆ ಹಾಕಿ. ಎಲ್ಲಿ ಡಿಕ್ಕಿ ಹೊಡೆಯುತ್ತದೆ ಅಂತ ಆಗಲೇ ಕಾಣುತ್ತದೆ. ಆ ವಾರದ ಗ್ರೇಡಿಂಗ್ ಬಗ್ಗೆ ಆಗಲೇ ಮಾತಾಡಿ.

ಗ್ರೇಡಿಂಗ್ ಮಾಡುವಾಗ ಪತ್ರಿಕೆಯಿಂದ ಪತ್ರಿಕೆಗೆ ಹೋಗಬೇಡಿ. ಎಲ್ಲರ ಮೊದಲ ಪ್ರಶ್ನೆ ಮುಗಿಸಿ, ಆಮೇಲೆ ಎಲ್ಲರ ಎರಡನೇ ಪ್ರಶ್ನೆ ಹಿಡಿಯಿರಿ. ಬೇಗ ಆಗುತ್ತದೆ, ಎಲ್ಲರಿಗೂ ಒಂದೇ ಅಳತೆ ಸಿಗುತ್ತದೆ. ಯಾವ ತಪ್ಪಿಗೆ ಎಷ್ಟು ಮಾರ್ಕ್ಸ್ ಕಡಿತ ಅನ್ನುವ ರೂಬ್ರಿಕ್ ಅನ್ನು ಪ್ರೊಫೆಸರ್‌ಗೆ ಮೊದಲೇ ತೋರಿಸಿ ಒಪ್ಪಿಸಿ. ಇಲ್ಲದಿದ್ದರೆ ಮಾರ್ಕ್ಸ್ ಕೇಳಿಕೊಂಡು ಬರುವವರ ಸಾಲು ನಿಮ್ಮ ಒಂದು ವಾರ ತಿನ್ನುತ್ತದೆ. ಇಮೇಲ್‌ಗೆ ದಿನಕ್ಕೆ ಎರಡು ಹೊತ್ತು ಮಾತ್ರ ಕೊಡಿ. ಒಂದೇ ಪ್ರಶ್ನೆ ಮೂವರು ಕೇಳಿದರೆ ಉತ್ತರವನ್ನು ಇಡೀ ತರಗತಿಗೆ ಕಾಣುವ ಹಾಗೆ ಹಾಕಿ.

ಕಾಪಿ ಹೊಡೆದದ್ದು ಕಂಡರೆ ನೀವೇ ತೀರ್ಪು ಕೊಡಬೇಡಿ, ಪ್ರೊಫೆಸರ್‌ಗೆ ಕಳಿಸಿ. ವಿದ್ಯಾರ್ಥಿಗಳ ದಾಖಲೆಗಳನ್ನು ಗುಟ್ಟಾಗಿಡಲು ಇರುವ 1974ರ ಫರ್ಪಾ ಕಾನೂನಿನ ಪ್ರಕಾರ ಒಬ್ಬರ ಮಾರ್ಕ್ಸ್ ಇನ್ನೊಬ್ಬರಿಗೆ ಹೇಳುವಂತಿಲ್ಲ. ತಂದೆ ತಾಯಿ ಫೋನ್ ಮಾಡಿ ಕೇಳಿದರೂ ಅಷ್ಟೆ. ಉತ್ತರಪತ್ರಿಕೆಗಳ ರಾಶಿಯನ್ನು ಬಾಗಿಲ ಹೊರಗಿಟ್ಟು ಹುಡುಕಿಕೊಳ್ಳಿ ಅನ್ನುವ ರೂಢಿ ಇಲ್ಲಿ ನಡೆಯುವುದಿಲ್ಲ.

ಆರ್‌ಎ ಕೆಲಸದ ಕಷ್ಟ ಬೇರೆ. ಅದಕ್ಕೆ ಅಂಚೇ ಇಲ್ಲ. ಪ್ರಯೋಗ ಯಾವತ್ತೂ ಮುಗಿಯುವುದಿಲ್ಲ. ಮೊದಲ ತಿಂಗಳಲ್ಲೇ ಅಡ್ವೈಸರ್ ಜೊತೆ ಕೂತು, ಸಂಶೋಧನೆಗೆ ದುಡ್ಡು ಕೊಟ್ಟ ಗ್ರ್ಯಾಂಟ್‌ಗಾಗಿ ಮಾಡಬೇಕಾದ್ದು ಯಾವುದು, ನನ್ನ ಥೀಸಿಸ್‌ಗೆ ಸೇರುವುದು ಯಾವುದು ಅಂತ ಕೇಳಿ ಬರೆದುಕೊಳ್ಳಿ. ಎರಡೂ ಒಂದೇ ಆಗಿದ್ದರೆ ನಿಮ್ಮ ಅದೃಷ್ಟ. ಎರಡೂ ದೂರ ದೂರ ಇದ್ದರೆ ಥೀಸಿಸ್‌ಗೆ ವಾರದಲ್ಲಿ ಇಂತಿಷ್ಟು ಹೊತ್ತು ಅಂತ ಕಟ್ಟಿಡಿ. ಪಿಎಚ್‌ಡಿಯಲ್ಲಿ ಮುಂದುವರಿಯಲು ಪಾಸಾಗಬೇಕಾದ ಕ್ವಾಲಿಫೈಯಿಂಗ್ ಪರೀಕ್ಷೆ ಇರುವ ಸೆಮಿಸ್ಟರ್‌ನಲ್ಲಿ ಹೊಸ ಕೋರ್ಸ್‌ನ ಟಿಎ ತಗೊಳ್ಳಬೇಡಿ. ಹಿಂದೆ ಮಾಡಿದ ಕೋರ್ಸನ್ನೇ ಕೇಳಿ ಪಡೆಯಿರಿ. ತಯಾರಿಯ ಹೊತ್ತು ಉಳಿಯುತ್ತದೆ.

ಕೋರ್ಸ್ ಆರಿಸುವಾಗ

ಗ್ರಾಜುಯೇಟ್ ವಿದ್ಯಾರ್ಥಿಗೆ ಫುಲ್‌ಟೈಮ್ ಅಂದರೆ ಎಷ್ಟು ಕ್ರೆಡಿಟ್ ಅನ್ನುವುದನ್ನು ಯೂನಿವರ್ಸಿಟಿಯೇ ಗೊತ್ತುಮಾಡುತ್ತದೆ. ಹೆಚ್ಚಿನ ಕಡೆ 9. ಅಸಿಸ್ಟೆಂಟ್‌ಶಿಪ್ ಇರುವವರಿಗೆ ಕೆಲವು ಕಡೆ 6 ಸಾಕು. ಮೊದಲ ಸೆಮಿಸ್ಟರ್‌ನಲ್ಲಿ ಎಷ್ಟು ಕನಿಷ್ಠವೋ ಅಷ್ಟೇ ತಗೊಳ್ಳಿ. ಬೇಗ ಮುಗಿಸಿ ಕೆಲಸಕ್ಕೆ ಹೋಗುವ ಆತುರ ನನಗೆ ಅರ್ಥ ಆಗುತ್ತದೆ. ಆದರೂ ಹೊಸ ದೇಶ, ಹೊಸ ಪದ್ಧತಿ, ಹೊಸ ಕೆಲಸದ ಜೊತೆ ಮೂರು ಭಾರೀ ಕೋರ್ಸ್ ಬೇಡ. ಫುಲ್‌ಟೈಮ್ ಲೆಕ್ಕಕ್ಕೆ ಒಂದು ಸೆಮಿಸ್ಟರ್‌ಗೆ ಒಂದೇ ಆನ್‌ಲೈನ್ ಕೋರ್ಸ್ ಸೇರುತ್ತದೆ, ಅದು 3 ಕ್ರೆಡಿಟ್‌ವರೆಗೆ ಮಾತ್ರ. ಮಧ್ಯದಲ್ಲಿ ಒಂದು ಕೋರ್ಸ್ ಬಿಡಬೇಕು ಅನ್ನಿಸಿದರೆ ಮೊದಲು ಇಂಟರ್‌ನ್ಯಾಷನಲ್ ಆಫೀಸಿನ ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳ ವೀಸಾ ದಾಖಲೆ ನೋಡಿಕೊಳ್ಳುವ ಅಧಿಕಾರಿ) ಹತ್ತಿರ ಹೋಗಿ. ಅವರ ಒಪ್ಪಿಗೆ ಸಿಕ್ಕಿದ ಮೇಲಷ್ಟೇ ಡ್ರಾಪ್ ಬಟನ್ ಒತ್ತಿ.

ಕಾಗದ ಪತ್ರ, ಟ್ಯಾಕ್ಸ್

ಬಂದ ಕೂಡಲೇ ಇಂಟರ್‌ನ್ಯಾಷನಲ್ ಆಫೀಸ್‌ನಲ್ಲಿ ಚೆಕ್‌ಇನ್ ಮಾಡಿ. ಕೆಲಸದ ಪತ್ರ, ಡಿಎಸ್‌ಒ ಪತ್ರ, ಪಾಸ್‌ಪೋರ್ಟ್, ಐ-20 (ವೀಸಾಕ್ಕಾಗಿ ಯೂನಿವರ್ಸಿಟಿ ಕೊಟ್ಟ ಪತ್ರ), ಐ-94 (ದೇಶದೊಳಗೆ ಬಂದ ದಾಖಲೆ) ಹಿಡಿದು ಸೋಷಿಯಲ್ ಸೆಕ್ಯುರಿಟಿ ಆಫೀಸ್‌ಗೆ ಹೋದರೆ, ಸಂಬಳ ಮತ್ತು ಟ್ಯಾಕ್ಸ್‌ಗೆ ಬೇಕಾದ ಸೋಷಿಯಲ್ ಸೆಕ್ಯುರಿಟಿ ನಂಬರ್‌ಗೆ ಅರ್ಜಿ ಹಾಕಬಹುದು. ಕೆಲಸ ಶುರುವಾಗಲು 30 ದಿನಕ್ಕಿಂತ ಜಾಸ್ತಿ ಇದ್ದರೆ ಅರ್ಜಿ ತೆಗೆದುಕೊಳ್ಳುವುದಿಲ್ಲ. ಕೆಲಸ ಶುರುವಾದ 3 ಕೆಲಸದ ದಿನಗಳೊಳಗೆ ಕೆಲಸ ಮಾಡುವ ಅರ್ಹತೆಯನ್ನು ಖಚಿತಪಡಿಸುವ ಐ-9 ಫಾರಂಗೆ ಮೂಲ ದಾಖಲೆ ತೋರಿಸಬೇಕು.

ಸ್ಟೈಪೆಂಡ್‌ಗೆ ಇನ್‌ಕಮ್ ಟ್ಯಾಕ್ಸ್ ಇದೆ. ಆದರೆ ಎಫ್-1ನಲ್ಲಿ ಬಂದವರು ಸಾಮಾನ್ಯವಾಗಿ ಮೊದಲ 5 ಕ್ಯಾಲೆಂಡರ್ ವರ್ಷ ಸೋಷಿಯಲ್ ಸೆಕ್ಯುರಿಟಿಯ (ಪಿಂಚಣಿ) 6.2% ಮತ್ತು ಮೆಡಿಕೇರ್‌ನ (ಹಿರಿಯರ ಆರೋಗ್ಯ ವಿಮೆ) 1.45% ತೆರಿಗೆ ಕೊಡಬೇಕಿಲ್ಲ. ಆಗಸ್ಟ್‌ನಲ್ಲಿ ಬಂದರೂ ಆ ವರ್ಷ ಪೂರ್ತಿ ಒಂದು ಅಂತಲೇ ಲೆಕ್ಕ. ಪೇ ಸ್ಲಿಪ್‌ನಲ್ಲಿ ಇವು ಕಡಿತವಾಗಿದ್ದರೆ ಪೇರೋಲ್‌ಗೆ ಹೇಳಿ ವಾಪಸ್ ಪಡೆಯಿರಿ. ಈ ವರ್ಷಗಳಲ್ಲಿ ನೀವು ತುಂಬಬೇಕಾದ್ದು 1040-ಎನ್‌ಆರ್ (ಅನಿವಾಸಿಗಳ ಟ್ಯಾಕ್ಸ್ ರಿಟರ್ನ್) ಮತ್ತು 8843 ಫಾರಂ, ಏಪ್ರಿಲ್ 15ರೊಳಗೆ. ಅಮೆರಿಕದ ಗೆಳೆಯರು ಬಳಸುವ ಸಾಮಾನ್ಯ ಸಾಫ್ಟ್‌ವೇರ್‌ನಲ್ಲಿ ತುಂಬಿದರೆ ತಪ್ಪು ಫಾರಂ ಹೋಗಿಬಿಡುತ್ತದೆ. ಭಾರತ ಮತ್ತು ಅಮೆರಿಕದ ತೆರಿಗೆ ಒಪ್ಪಂದದ 21ನೇ ವಿಧಿಯಿಂದ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ಬೇರೆ ಹೆಚ್ಚಿನ ದೇಶದವರಿಗೆ ಇದು ಇಲ್ಲ, ಹಾಗಾಗಿ ಬಿಡಬೇಡಿ. ಪಾಠ, ಸಂಶೋಧನೆ ಬಿಟ್ಟು ಆಫೀಸ್ ಕೆಲಸದ ಜಿಎ (ಗ್ರಾಜುಯೇಟ್ ಅಸಿಸ್ಟೆಂಟ್) ಆಗಿದ್ದರೆ, ವರ್ಷಕ್ಕೆ 5,250 ಡಾಲರ್ ಮೀರಿದ ಟ್ಯೂಷನ್ ಮಾಫಿಗೆ ಟ್ಯಾಕ್ಸ್ ಬೀಳಬಹುದು. ಮೊದಲೇ ವಿಚಾರಿಸಿ.

ರಾತ್ರಿ ನಿದ್ದೆ ಬಾರದೆ, ಊಟ ಸೇರದೆ, ತರಗತಿಗೆ ಹೋಗಲು ಮನಸ್ಸೇ ಬಾರದ ವಾರಗಳು ಬಂದರೆ ಮನೆಗೆ ಫೋನ್ ಮಾಡಿ ಹೇಳಲು ಹಿಂಜರಿಯುತ್ತೀರಿ, ಗೊತ್ತು. ಕ್ಯಾಂಪಸ್ಸಿನ ಕೌನ್ಸೆಲಿಂಗ್ ಸೆಂಟರ್‌ಗೆ ಹೋಗಿ. ಹೆಚ್ಚಿನ ಕಡೆ ಅದರ ಖರ್ಚು ನೀವು ಕಟ್ಟಿದ ಫೀಸಿನಲ್ಲೇ ಸೇರಿರುತ್ತದೆ. ಅಲ್ಲಿ ಹೇಳಿದ್ದು ಡಿಪಾರ್ಟ್‌ಮೆಂಟಿಗೆ ಹೋಗುವುದಿಲ್ಲ. ಜೊತೆಗೆ ನೀವು ಓದುವ ಊರಿನ ಕನ್ನಡದವರ ಒಂದೆರಡು ಮನೆಯ ನಂಬರ್ ಇಟ್ಟುಕೊಂಡಿರಿ. ನಾವು ಇರುವುದೇ ಅದಕ್ಕೆ.

ಕೊನೆಯದಾಗಿ ಬೇಸಿಗೆ. 9 ತಿಂಗಳ ಸ್ಟೈಪೆಂಡ್ ಮೇ ತಿಂಗಳಲ್ಲಿ ನಿಲ್ಲುತ್ತದೆ, ಬಾಡಿಗೆ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಕಲಿಸುವ ಕೋರ್ಸ್‌ಗಳು ಕಡಿಮೆ, ಕೇಳುವವರು ಜಾಸ್ತಿ. ಫೆಬ್ರವರಿಯಲ್ಲೇ ಅಡ್ವೈಸರ್‌ಗೆ, ಡಿಪಾರ್ಟ್‌ಮೆಂಟ್ ಆಫೀಸ್‌ಗೆ ಹೇಳಿಡಿ. ಇಂಟರ್ನ್‌ಶಿಪ್‌ಗೆ ಹೋಗುವ ಯೋಚನೆ ಇದ್ದರೆ ಸಿಪಿಟಿ (ಓದಿನ ಭಾಗವಾಗಿ ಹೊರಗೆ ಕೆಲಸ ಮಾಡಲು ಕೊಡುವ) ಅನುಮತಿ ಐ-20 ಮೇಲೆ ಬಂದ ನಂತರವೇ ಮೊದಲ ದಿನದ ಕೆಲಸ. ಎಫ್-1ನಲ್ಲಿ ಸಾಮಾನ್ಯವಾಗಿ ಒಂದು ಅಕಾಡೆಮಿಕ್ ವರ್ಷ ಮುಗಿದ ಮೇಲಷ್ಟೇ ಅದು ಸಿಗುತ್ತದೆ. ಆಗಸ್ಟ್‌ನಲ್ಲಿ ಬಂದವರಿಗೆ ಮುಂದಿನ ಬೇಸಿಗೆಗೆ ಸರಿಹೋಗುತ್ತದೆ, ಜನವರಿಯಲ್ಲಿ ಬಂದವರು ಡಿಎಸ್‌ಒ ಜೊತೆ ಕೂತು ಲೆಕ್ಕ ಹಾಕಿಕೊಳ್ಳಿ.