ಪವರ್ ವೀಡರ್‌ನ ಸ್ಟಾರ್ಟರ್ ಸ್ಪ್ರಿಂಗನ್ನು ಮತ್ತೆ ಸುತ್ತಿ ಕೂರಿಸುವ ಬಗೆ

ಶಿಡ್ಲಘಟ್ಟದ ಸುತ್ತಮುತ್ತ ಹಿಪ್ಪುನೇರಳೆಯನ್ನು ಜೋಡಿ ಸಾಲಿನಲ್ಲಿ ನೆಟ್ಟವರು ಜೋಡಿಗಳ ನಡುವಿನ 5 ಅಡಿ ಜಾಗದಲ್ಲಿ ಪವರ್ ವೀಡರ್ ಓಡಿಸಿ ಕಳೆ ತೆಗೆಯುತ್ತಾರೆ. ಸೊಪ್ಪು ಕಟಾವಾದ ಬೆನ್ನಲ್ಲೇ ಈ ಕೆಲಸ ಮುಗಿಯಬೇಕು. ಅಂಥ ದಿನವೇ ಇಂಜಿನ್ ಚಾಲೂ ಮಾಡಲು ಎಳೆದ ಸ್ಟಾರ್ಟರ್ ಹಗ್ಗ ಒಳಗೆ ಹೋಗದೆ ಹಿಡಿ ಜೋತುಬಿದ್ದರೆ ತೋಟದ ಕೆಲಸವೆಲ್ಲ ನಿಂತುಹೋಗುತ್ತದೆ. ರಿಪೇರಿಗೆ ಒಯ್ದರೆ ಇಡೀ ಸ್ಟಾರ್ಟರನ್ನೇ ಬದಲಿಸಿ ಎಂಬ ಸಲಹೆ ಸಿಗುವುದೇ ಹೆಚ್ಚು. ಆದರೆ ನಾನು ಬಿಚ್ಚಿ ನೋಡಿದ ಸ್ಟಾರ್ಟರುಗಳಲ್ಲಿ ಬಹುಪಾಲಿನ ಸ್ಪ್ರಿಂಗ್, ಅಂದರೆ ಹಗ್ಗವನ್ನು ಹಿಂದಕ್ಕೆಳೆಯುವ ಉಕ್ಕಿನ ಪಟ್ಟಿಯ ಸುರುಳಿ, ತುಂಡಾಗಿರಲಿಲ್ಲ. ಅದರ ಒಳತುದಿಯ ಕೊಕ್ಕೆ, ಹಗ್ಗ ಸುತ್ತಿಕೊಳ್ಳುವ ಗಾಲಿಯಾದ ಪುಲ್ಲಿಯಿಂದ ಕಳಚಿಕೊಂಡಿತ್ತು, ಇಲ್ಲವೇ ಬೇಸಿಗೆಯ ಕೆಮ್ಮಣ್ಣಿನ ಧೂಳು ಹಳೆಯ ಗ್ರೀಸಿನೊಡನೆ ಬೆರೆತು ಸುರುಳಿಗಳನ್ನು ಒಂದಕ್ಕೊಂದು ಅಂಟಿಸಿಬಿಟ್ಟಿತ್ತು.

ಮೊದಲು ಸ್ಪಾರ್ಕ್ ಪ್ಲಗ್ಗಿನ ಟೋಪಿಯನ್ನು ಕಳಚಿ, ಸ್ಟಾರ್ಟರ್ ಕವರಿನ ಬೋಲ್ಟುಗಳನ್ನು ಬಿಚ್ಚಿ ಕವರನ್ನು ಹೊರತೆಗೆಯಬೇಕು. ಏನನ್ನೂ ಕದಲಿಸುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡು, ಹಗ್ಗ ಎಳೆದಾಗ ಪುಲ್ಲಿ ಯಾವ ಕಡೆಗೆ ತಿರುಗುತ್ತದೆ ಎಂಬುದನ್ನು ಕವರಿನ ಮೇಲೆಯೇ ಬಾಣದ ಗುರುತಿನಿಂದ ಬರೆದಿಡುವುದು ಒಳ್ಳೆಯದು. ಆಮೇಲಿನ ಕೆಲಸವೆಲ್ಲ ಈ ಬಾಣವನ್ನೇ ನೆಚ್ಚಿಕೊಂಡಿದೆ.

ಸ್ಪ್ರಿಂಗಿನಲ್ಲಿ ಇನ್ನೂ ಬಿಗಿ ಉಳಿದಿದ್ದರೆ, ಹಗ್ಗವನ್ನು ಪುಲ್ಲಿಯ ಅಂಚಿನ ಕಚ್ಚಿನಲ್ಲಿ ಸಿಕ್ಕಿಸಿ, ಹೆಬ್ಬೆರಳಿನಿಂದ ಪುಲ್ಲಿಯನ್ನು ತಡೆಯುತ್ತ ನಿಧಾನವಾಗಿ ಹಿಂದಕ್ಕೆ ಬಿಟ್ಟು ಆ ಬಿಗಿಯನ್ನು ಇಳಿಸಬೇಕು. ಅನಂತರ ನಡುವಿನ ಸ್ಕ್ರೂ, ಅದರಡಿಯ ತಟ್ಟೆ, ಹಗ್ಗ ಎಳೆದಾಗ ಇಂಜಿನ್ನನ್ನು ಕಚ್ಚಿ ತಿರುಗಿಸುವ ರ‍್ಯಾಚೆಟ್ ಹಲ್ಲುಗಳು ಇವನ್ನು ತೆಗೆದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡಬೇಕು. ಪುಲ್ಲಿಯನ್ನು ಮಾತ್ರ ಸರಕ್ಕನೆ ಎತ್ತಬಾರದು. ಅತ್ತಿತ್ತ ಸ್ವಲ್ಪ ತಿರುಗಿಸುತ್ತ ಸ್ಪ್ರಿಂಗಿನ ಕೊಕ್ಕೆ ಬಿಟ್ಟುಕೊಂಡದ್ದು ಕೈಗೆ ತಿಳಿದ ಮೇಲೆಯೇ ಎತ್ತಬೇಕು. ಮೊದಲ ಸಲ ಈ ಕೆಲಸ ಮಾಡಿದಾಗ ನಾನು ನೇರವಾಗಿ ಎತ್ತಿದ್ದರಿಂದ ಸ್ಪ್ರಿಂಗ್ ಪೂರ್ತಿ ಸಿಡಿದು ಹೊರಬಂದು ಹೆಬ್ಬೆರಳಿನ ಬುಡವನ್ನು ಸೀಳಿತು. ಪಟ್ಟಿಯ ಅಂಚು ಬ್ಲೇಡಿನಷ್ಟೇ ಹರಿತವಾಗಿರುತ್ತದೆ. ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ ಇಲ್ಲದೆ ಯಾರೂ ಇದಕ್ಕೆ ಕೈಹಾಕಬಾರದು, ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಬಾರದು.

ಹೊರತೆಗೆದ ಸ್ಪ್ರಿಂಗನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ಒರೆಸಿ, ಉದ್ದಕ್ಕೂ ಬಿರುಕು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ನಡುವೆ ಮುರಿದದ್ದನ್ನು ವೆಲ್ಡ್ ಮಾಡಿ ಉಳಿಸಲಾಗದು, ಹೊಸದೇ ಬೇಕು. ಕೊಕ್ಕೆ ಮಾತ್ರ ಅಗಲಿದ್ದರೆ ಆ ತುದಿಯನ್ನಷ್ಟೇ ಕೆಂಪಗೆ ಕಾಯಿಸಿ, ಇಕ್ಕಳದಿಂದ ಬಗ್ಗಿಸಿ, ತಾನಾಗಿ ಆರಲು ಬಿಡಬೇಕು. ನೀರಿನಲ್ಲಿ ಅದ್ದಿದರೆ ಉಕ್ಕು ಪೆಡಸಾಗಿ ಮೊದಲ ಎಳೆತಕ್ಕೇ ಮುರಿಯುತ್ತದೆ. ಹಾಗೆಯೇ ತಣ್ಣಗಿರುವಾಗ ಬಗ್ಗಿಸಲು ಹೋದರೂ ಮುರಿಯುತ್ತದೆ.

ಈಗ ಸುತ್ತುವ ಕೆಲಸ. ಸ್ಪ್ರಿಂಗ್ ಕವರಿನೊಳಗೆ ಕೂರುವ ಯಂತ್ರವಾದರೆ, ಹೊರತುದಿಯ ಕೊಕ್ಕೆಯನ್ನು ಕವರಿನ ಸೀಳಿಗೆ ಸಿಕ್ಕಿಸಿ, ಅಲ್ಲಿಂದ ಒಳಮುಖವಾಗಿ ಬಾಣ ತೋರಿಸುವ ಕಡೆಗೇ ಸುತ್ತುತ್ತ ಹೋಗಬೇಕು. ಕೆಲವು ಯಂತ್ರಗಳಲ್ಲಿ ಸ್ಪ್ರಿಂಗ್ ಪುಲ್ಲಿಯ ಹೊಟ್ಟೆಯೊಳಗೇ ಕೂತು, ಒಳತುದಿ ಕವರಿನ ನಡುಗೂಟಕ್ಕೆ ಸಿಕ್ಕುತ್ತದೆ. ಅಲ್ಲಿ ಹೊರಗಿನಿಂದ ಒಳಕ್ಕೆ ಬರುವ ಸುತ್ತು ಪುಲ್ಲಿ ತಿರುಗುವ ದಿಕ್ಕಿಗೆ ಎದುರಾಗಿರಬೇಕು. ಇದನ್ನು ತಪ್ಪಿಸಿಕೊಂಡವರ ಸ್ಪ್ರಿಂಗ್ ಹಗ್ಗ ಎಳೆದಾಗ ಬಿಗಿಯಾಗುವ ಬದಲು ಬಿಚ್ಚಿಕೊಳ್ಳುತ್ತದೆ.

ಸುತ್ತುವಾಗ ಎಡಗೈಯ ಹೆಬ್ಬೆರಳು ಆಗಲೇ ಕೂತ ಸುರುಳಿಗಳನ್ನು ಅದುಮಿ ಹಿಡಿದಿರಬೇಕು, ಬಲಗೈ ಒಂದೊಂದೇ ಗೇಣು ಪಟ್ಟಿಯನ್ನು ಒಳಗೆ ತಳ್ಳುತ್ತಿರಬೇಕು. ಕೈಯನ್ನು ಸುತ್ತಿಸುವುದಕ್ಕಿಂತ ಕವರನ್ನೇ ತಿರುಗಿಸಿಕೊಳ್ಳುವುದು ಸುಲಭ. ಕಡೆಯ ಮೂರು ನಾಲ್ಕು ಸುತ್ತುಗಳು ಚಿಕ್ಕವಾದ್ದರಿಂದ ತುಂಬ ಪ್ರತಿಭಟಿಸುತ್ತವೆ, ಅಲ್ಲಿ ಅವಸರ ಕೂಡದು. ಹೊಸ ಸ್ಪ್ರಿಂಗ್ ತಂತಿಯ ಬಳೆಯೊಳಗೆ ಸುತ್ತಿಕೊಂಡೇ ಬಂದಿದ್ದರೆ ಈ ಶ್ರಮವಿಲ್ಲ. ಅದನ್ನು ಜಾಗದ ಮೇಲಿಟ್ಟು ಒತ್ತಿದರೆ ಸ್ಪ್ರಿಂಗ್ ಒಳಗಿಳಿದು ಬಳೆ ಮೇಲೆ ಉಳಿಯುತ್ತದೆ. ಕೂರಿಸಿದ ಮೇಲೆ ತೆಳುವಾದ ಎಣ್ಣೆಯ ನಾಲ್ಕೈದು ಹನಿ ಸಾಕು. ನಮ್ಮ ಧೂಳಿಗೆ ದಪ್ಪ ಗ್ರೀಸು ಆಗಿಬರುವುದಿಲ್ಲ.

ಪುಲ್ಲಿಯನ್ನು ಕೂರಿಸಿ, ಕೊಕ್ಕೆ ಕಚ್ಚುವವರೆಗೆ ಮೆಲ್ಲಗೆ ತಿರುಗಿಸಿ, ಹಲ್ಲು, ತಟ್ಟೆ, ಸ್ಕ್ರೂಗಳನ್ನು ಮೊದಲಿನಂತೆಯೇ ಜೋಡಿಸಬೇಕು. ಹಗ್ಗವನ್ನು ಬಾಣದ ದಿಕ್ಕಿನಲ್ಲೇ ಪುಲ್ಲಿಯ ಸುತ್ತ ಸುತ್ತಿ, ತುದಿಯನ್ನು ಕವರಿನ ತೂತಿನಿಂದ ಹೊರತಂದು ಹಿಡಿಗೆ ಗಂಟು ಹಾಕಬೇಕು. ಹಗ್ಗ ಹೊಸದಾದರೆ ಹಳೆಯದರ ದಪ್ಪ, ಉದ್ದ ಎರಡನ್ನೂ ಅಳೆದೇ ತರಬೇಕು. ಬಳಿಕ ಒಳಗಿನ ಹಗ್ಗವನ್ನು ಒಂದು ಕುಣಿಕೆಯಷ್ಟು ಎಳೆದುಕೊಂಡು, ಪುಲ್ಲಿಯ ಕಚ್ಚಿನಲ್ಲಿ ಸಿಕ್ಕಿಸಿ, ಬಾಣದ ಕಡೆಗೆ ಪುಲ್ಲಿಯನ್ನು 2 ಅಥವಾ 3 ಸುತ್ತು ತಿರುಗಿಸಿ ಹಿಡಿದು, ಕುಣಿಕೆಯನ್ನು ಬಿಡಿಸಿ, ಹಗ್ಗವನ್ನು ನಿಧಾನವಾಗಿ ಒಳಗೆ ಬಿಡಬೇಕು.

ಹೆಚ್ಚು ಬಿಗಿ ಕೊಟ್ಟರೆ ಹೆಚ್ಚು ಬಾಳಿಕೆ ಎಂಬ ನಂಬಿಕೆಯೇ ಅನೇಕ ಸ್ಪ್ರಿಂಗುಗಳನ್ನು ಕೊಂದಿದೆ. ಹಗ್ಗವನ್ನು ಪೂರ್ತಿ ಎಳೆದು ಹಿಡಿದಾಗಲೂ ಪುಲ್ಲಿ ಇನ್ನೂ ಅರ್ಧ ಸುತ್ತಾದರೂ ತಿರುಗಬೇಕು. ತಿರುಗದಿದ್ದರೆ ಒಂದು ಸುತ್ತು ಇಳಿಸಿ. ಹಿಡಿ ಕವರಿಗೆ ಅಂಟಿ ನಿಲ್ಲದೆ ಜೋತುಬೀಳುತ್ತಿದ್ದರೆ ಒಂದು ಸುತ್ತು ಏರಿಸಿ.

ಕವರನ್ನು ಇಂಜಿನ್ನಿಗೆ ಜೋಡಿಸುವಾಗ ಬೋಲ್ಟುಗಳನ್ನು ಮೊದಲು ಸಡಿಲವಾಗಿಯೇ ಬಿಟ್ಟು, ಹಗ್ಗವನ್ನು ಹಲ್ಲು ಕಚ್ಚುವಷ್ಟು ಎಳೆದು ಹಿಡಿದು, ಸ್ಟಾರ್ಟರ್ ತನ್ನ ನಡುವನ್ನು ತಾನೇ ಕಂಡುಕೊಂಡ ಮೇಲೆ ಬಿಗಿ ಮಾಡಬೇಕು. ಪ್ಲಗ್ಗಿನ ಟೋಪಿ ಹಾಕುವ ಮುನ್ನ ನಾಲ್ಕಾರು ಸಲ ಎಳೆದು ನೋಡಿ. ಪ್ರತಿ ಸಲವೂ ಹಿಡಿಯನ್ನು ಕೈಯಲ್ಲೇ ಹಿಡಿದು ಒಳಗೆ ಬಿಡಿ. ಆಮೇಲೆ ಸೋಪು ಹಚ್ಚಿ ಎರಡು ಬಾರಿ ಕೈತೊಳೆದುಕೊಳ್ಳಿ, ಏಕೆಂದರೆ ಸೀಮೆಎಣ್ಣೆ ಹತ್ತಿದ ಕೈಯಲ್ಲಿ ರೇಷ್ಮೆ ಹುಳುವಿಗೆ ಸೊಪ್ಪು ಹಾಕುವಂತಿಲ್ಲ.