ದಾಳಿಂಬೆ ಸೋಡಾ ಮಾರಲು ಹೊರಡುವವರಿಗೆ ಫ್ಯಾಂಟಾದ ಚರಿತ್ರೆಯಿಂದ ಕೆಲವು ಸೂಚನೆಗಳು

ಹೊಸದುರ್ಗ, ಹಿರಿಯೂರು ಸೀಮೆಯ ದಾಳಿಂಬೆಯಿಂದ ಸೋಡಾ ತಯಾರಿಸಿ ಮಾರಬೇಕೆನ್ನುವವರು ಮೊದಲು ಎಂಥ ಹಣ್ಣನ್ನು ಬಳಸಬೇಕೆಂದು ನಿರ್ಧರಿಸಿಕೊಳ್ಳಬೇಕು. 1940ರಲ್ಲಿ ಯುದ್ಧದಿಂದಾಗಿ ಕೋಕಾ-ಕೋಲಾದ ಸಿರಪ್ಪು ಜರ್ಮನಿಗೆ ಬರುವುದು ನಿಂತಾಗ, ಅಲ್ಲಿನ ಶಾಖೆಯ ಮುಖ್ಯಸ್ಥ ಮ್ಯಾಕ್ಸ್ ಕೈಟ್ ಚೀಸ್ ತಯಾರಿಕೆಯಲ್ಲಿ ಉಳಿಯುವ ತಿಳಿನೀರನ್ನೂ ಸೇಬಿನ ರಸ ಹಿಂಡಿದ ಹಿಪ್ಪೆಯನ್ನೂ ಬಳಸಿ ಫ್ಯಾಂಟಾ ಮಾಡಿಸಿದರು. ಕಿತ್ತಳೆಯ ಫ್ಯಾಂಟಾ ಬಂದದ್ದು 1955ರಲ್ಲಿ, ಇಟಲಿಯ ನೇಪಲ್ಸ್‌ನಲ್ಲಿ. ಎರಡು ಕಡೆಯೂ ಕೈಗೆಟಕುವ ಸರಕಿನಿಂದಲೇ ಪಾನೀಯ ಸಿದ್ಧವಾಯಿತು. ಆದ್ದರಿಂದ ಒಳ್ಳೆಯ ಬೆಲೆ ಬರುವ ಭಗವಾ ತಳಿಯ ದೊಡ್ಡ ಹಣ್ಣನ್ನು ಮಂಡಿಗೇ ಕಳುಹಿಸಿ, ಗಾತ್ರ ಸಣ್ಣದೆಂದೋ ಸಿಪ್ಪೆಯ ಮೇಲೆ ಕಲೆಯಿದೆಯೆಂದೋ ಬದಿಗೆ ಬಿದ್ದ ಹಣ್ಣನ್ನು ಸೋಡಾಕ್ಕೆ ಇಟ್ಟುಕೊಳ್ಳುವುದು ಲೇಸು. ಬಿರಿದ ಹಣ್ಣಿನೊಳಗೆ ಬೂಷ್ಟು ಸೇರಿರಬಹುದಾದ್ದರಿಂದ ಅದನ್ನು ಮುಟ್ಟಬಾರದು.

ಹಣ್ಣನ್ನು ಸಿಪ್ಪೆಸಹಿತ ಅದುಮಿದರೆ ಒಗರು ರಸಕ್ಕಿಳಿದು, ಎಷ್ಟು ಸಕ್ಕರೆ ಸುರಿದರೂ ಹೋಗುವುದಿಲ್ಲ. ಕಾಳು ಬಿಡಿಸಿ, ಬೀಜ ಒಡೆಯದಂತೆ ಹದವಾಗಿ ಹಿಂಡಬೇಕು. ದಾಳಿಂಬೆಯ ಕೆಂಪು ಬಿಸಿಲಿಗೂ ಶಾಖಕ್ಕೂ ಕಂದುವುದರಿಂದ, ಬಾಟಲಿಗಳನ್ನು ಅಂಗಡಿಯ ಹೊರಗಿನ ಕಟ್ಟೆಯ ಮೇಲೆ ಸಾಲಾಗಿ ಇಡುವ ರೂಢಿ ಇದಕ್ಕೆ ಸಲ್ಲದು. ಗ್ಯಾಸ್ ತುಂಬುವ ಮೊದಲು ನೀರನ್ನೂ ಪಾಕವನ್ನೂ ಚೆನ್ನಾಗಿ ತಣಿಸಬೇಕು, ಏಕೆಂದರೆ ಬೆಚ್ಚಗಿನ ದ್ರವದಲ್ಲಿ ಇಂಗಾಲದ ಡೈಆಕ್ಸೈಡ್ ಕರಗದೆ ನೊರೆಯಾಗಿ ಉಕ್ಕಿಹೋಗುತ್ತದೆ.

ಮಾರಾಟದ ಮಾತಿಗೆ ಬಂದರೆ, ಫ್ಯಾಂಟಾ ಹೆಸರೊಂದನ್ನೇ ಉಳಿಸಿಕೊಂಡು ರುಚಿಯನ್ನು ದೇಶದಿಂದ ದೇಶಕ್ಕೆ ಬದಲಿಸುತ್ತ ಜಗತ್ತನ್ನು ಸುತ್ತಿತು. 1993ರಲ್ಲಿ ಭಾರತಕ್ಕೆ ಮರಳಿದ ಕೋಕಾ-ಕೋಲಾ, ಪಾರ್ಲೆಯ ಬ್ರ್ಯಾಂಡುಗಳನ್ನು ಕೊಂಡ ಮೇಲೆ, ಜನಪ್ರಿಯವಾಗಿದ್ದ ಗೋಲ್ಡ್ ಸ್ಪಾಟ್ ಎಂಬ ಕಿತ್ತಳೆ ಪಾನೀಯವನ್ನು ಹಿಂತೆಗೆದು ಅದರ ಜಾಗದಲ್ಲಿ ಫ್ಯಾಂಟಾವನ್ನು ನಿಲ್ಲಿಸಿತು. ಕಿತ್ತಳೆಯ ರುಚಿಯಲ್ಲಿ ಅದರೊಡನೆ ಸ್ಪರ್ಧೆಗಿಳಿಯುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ. ಅದರ ಬದಲು ದಾವಣಗೆರೆಯ ಮಂಡಕ್ಕಿ-ಮೆಣಸಿನಕಾಯಿ ಅಂಗಡಿಗಳನ್ನು ಹಿಡಿಯಬೇಕು: ಬಿಸಿ ಮೆಣಸಿನಕಾಯಿ ಕಚ್ಚಿ ಬಾಯಿ ಉರಿಯುವಾಗ ತಣ್ಣನೆಯ ಹುಳಿಸಿಹಿಗೆ ಗಿರಾಕಿ ತಾನಾಗಿಯೇ ಕೈ ಚಾಚುತ್ತಾನೆ. ಆದರೆ ದೊಡ್ಡ ಪಾನೀಯ ಕಂಪನಿಗಳು ಅಂಗಡಿಗೆ ಕೊಟ್ಟ ಫ್ರಿಜ್ಜಿನಲ್ಲಿ ಸಾಮಾನ್ಯವಾಗಿ ಬೇರೆಯವರ ಬಾಟಲಿಗೆ ಜಾಗವಿರುವುದಿಲ್ಲ. ಅಂಥ ಅಂಗಡಿಗೆ ಐಸ್ ಪೆಟ್ಟಿಗೆಯನ್ನು ನೀವೇ ಒದಗಿಸಬೇಕಾಗುತ್ತದೆ.

ಲೇಬಲ್ಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಗಳ ಸಂಖ್ಯೆ, ಪದಾರ್ಥಗಳ ಪಟ್ಟಿ, ತಯಾರಿಕೆಯ ದಿನಾಂಕ ಇರಲೇಬೇಕು. ರಸದ ಪ್ರಮಾಣವನ್ನೂ ಇದ್ದಷ್ಟೇ ನಮೂದಿಸಬೇಕು.